ರೈತರ ಮನೆಗೆ ನಿಸ್ತಂತು ಗಣಕ ಜಾಲ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣದ ಪಠ್ಯ)



ಬೇಸಾಯಶಾಸ್ತ್ರ ಬೋಧಿಸುವವರು ಬಿತ್ತನೆ, ಗೊಬ್ಬರ, ಕಳೆಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಾನು ಮಾತನಾಡಲು ಹೊರಟಿರುವುದು ಮನೆಯಲ್ಲಿ ನಿಸ್ತಂತು ಜಾಲ, ಅಂದರೆ ಜನ ವೈ-ಫೈ ಎಂದು ಕರೆಯುವ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವ ಬಗ್ಗೆ. ಇದು ಬೇಸಾಯಕ್ಕೆ ಹೊರಗಿನ ವಿಷಯವೆಂದು ಯಾರಾದರೂ ಭಾವಿಸಿದರೆ, ಒಂದು ಉದಾಹರಣೆ ಕೊಡುತ್ತೇನೆ.

ಫಸಲ್ ಬಿಮಾ ಯೋಜನೆಯಲ್ಲಿ ಅಧಿಸೂಚಿತ ಬೆಳೆಗೆ ವಿಮೆ ಮಾಡಿಸಿದ ರೈತರು, ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆ ಅಕಾಲಿಕ ಮಳೆಗೆ ಸಿಕ್ಕಿ ಹಾಳಾದರೆ, 72 ಗಂಟೆಗಳೊಳಗೆ ಹಾನಿಯ ಸುದ್ದಿ ಮುಟ್ಟಿಸಬೇಕು. ಕೊಯ್ಲಿನ ನಂತರ 14 ದಿನಗಳವರೆಗೆ ಮಾತ್ರ ಈ ರಕ್ಷಣೆ. ಮಳೆ ಹೊಯ್ಯುತ್ತಿದೆ, ಕರೆಂಟಿಲ್ಲ, ಮೊಬೈಲಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲ, ತಾಲ್ಲೂಕು ಕೇಂದ್ರಕ್ಕೆ ಹೋಗುವ ಹಳ್ಳ ತುಂಬಿದೆ. ಹೀಗಿರುವಾಗ ಮೂರು ದಿನಗಳು ಎಷ್ಟು ಬೇಗ ಕಳೆಯುತ್ತವೆ ಎಂಬುದನ್ನು ನೀವೇ ಯೋಚಿಸಿ. ಪಹಣಿ, ಫ್ರೂಟ್ಸ್ ನೋಂದಣಿ, ಪಿಎಂ-ಕಿಸಾನ್ ಇ-ಕೆವೈಸಿ, ಹವಾಮಾನ ಮುನ್ಸೂಚನೆ, ಮಾರುಕಟ್ಟೆ ಧಾರಣೆ, ಮಕ್ಕಳ ಪಾಠ ಎಲ್ಲವೂ ಇಂದು ಇದೇ ದಾರಿಯಲ್ಲಿ ಬರುತ್ತಿವೆ. ಆದುದರಿಂದ ನೇಗಿಲು, ಪಂಪ್‌ಸೆಟ್‌ಗಳಂತೆ ಇದನ್ನೂ ಒಂದು ಕೃಷಿ ಉಪಕರಣವೆಂದು ಪರಿಗಣಿಸುವುದು ಲೇಸು.

ಜಾಲ ಬೇರೆ, ಇಂಟರ್ನೆಟ್ ಬೇರೆ

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ವೈ-ಫೈ ಮತ್ತು ಇಂಟರ್ನೆಟ್ ಒಂದೇ ಅಲ್ಲ. ಇಂಟರ್ನೆಟ್ ಎಂಬುದು ಜಲಾಶಯದಿಂದ ನಿಮ್ಮ ತೂಬಿನವರೆಗೆ ಬರುವ ನೀರು. ವೈ-ಫೈ ಎಂಬುದು ತೂಬಿನಿಂದ ನಿಮ್ಮ ಗದ್ದೆಯ ಮಡಿಗಳಿಗೆ ಹೋಗುವ ಬಸಿಗಾಲುವೆಯಲ್ಲ, ಹೊಲಗಾಲುವೆ. ಶಾಂತಿಸಾಗರ ತುಂಬಿದ್ದರೂ ಹೊಲಗಾಲುವೆಯಲ್ಲಿ ಹೂಳು ತುಂಬಿದ್ದರೆ ಗದ್ದೆಗೆ ನೀರು ಬಾರದು. ಹೊಲಗಾಲುವೆ ಚೊಕ್ಕಟವಾಗಿದ್ದು ನಾಲೆಯಲ್ಲೇ ನೀರಿಲ್ಲದಿದ್ದರೂ ಬಾರದು. ಭದ್ರಾ ಅಚ್ಚುಕಟ್ಟಿನ ಕೊನೆ ಭಾಗದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ದೋಷ ಎಲ್ಲಿದೆ ಎಂದು ತಿಳಿಯುವ ಬಗೆ ಸುಲಭ. ರೂಟರ್ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಪರೀಕ್ಷಿಸಿ. ಅಲ್ಲಿಯೂ ನಿಧಾನವಾಗಿದ್ದರೆ ದೋಷ ಹೊರಗಿನ ಸಂಪರ್ಕದ್ದು, ಸೇವೆ ನೀಡುವವರಿಗೆ ದೂರು ಕೊಡಬೇಕು. ಅಲ್ಲಿ ಚೆನ್ನಾಗಿದ್ದು ಒಳಕೋಣೆಯಲ್ಲಿ ಮಾತ್ರ ನಿಂತರೆ ದೋಷ ಮನೆಯೊಳಗಿನದು, ಅದನ್ನು ನೀವೇ ಸರಿಪಡಿಸಬಹುದು. ಈ ಒಂದು ಪರೀಕ್ಷೆ ಮಾಡದೆ ಹೆಚ್ಚು ವೇಗದ ಯೋಜನೆಗೆ ಹಣ ಕಟ್ಟುವುದು, ಮಣ್ಣು ಪರೀಕ್ಷೆ ಮಾಡಿಸದೆ ಯೂರಿಯಾ ಸುರಿದಂತೆ.

ಸಂಪರ್ಕದ ಮೂಲ

ಗ್ರಾಮ ಪಂಚಾಯಿತಿಗಳಿಗೆ ಗಾಜಿನ ತಂತಿ, ಅಂದರೆ ಆಪ್ಟಿಕಲ್ ಫೈಬರ್ ಒಯ್ಯುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು. 2015ರಿಂದ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು. ನಿಮ್ಮ ಊರಿನಲ್ಲಿ ಫೈಬರ್ ಸಂಪರ್ಕ ದೊರೆಯುವುದಾದರೆ ಅದೇ ಮೊದಲ ಆಯ್ಕೆ. ದೊರೆಯದಿದ್ದಲ್ಲಿ ಸಿಮ್ ಹಾಕುವ 4ಜಿ ಅಥವಾ 5ಜಿ ರೂಟರ್ ಬಳಸಬಹುದು. ಹೊರ ಆಂಟೆನಾ ಜೋಡಿಸುವ ಸೌಲಭ್ಯವಿರುವ ರೂಟರನ್ನೇ ಕೊಳ್ಳಿ. ಮನೆಯ ಮೇಲೆ ಕಂಬ ನೆಟ್ಟು, ಟವರಿನ ದಿಕ್ಕಿಗೆ ಆಂಟೆನಾ ತಿರುಗಿಸಿದರೆ ಒಳಗೆ ಸಿಗದ ಸಿಗ್ನಲ್ ಅಲ್ಲಿ ಸಿಗುವುದುಂಟು.

ಇಲ್ಲಿ ಒಂದು ಎಚ್ಚರಿಕೆ. ಮೊಬೈಲ್ ಸಿಗ್ನಲ್ ಬೂಸ್ಟರ್ ಎಂದು ಮಾರುವ ಯಂತ್ರಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅಳವಡಿಸುವುದು ಕಾನೂನುಬಾಹಿರ. ಅವು ಟವರಿಗೇ ಅಡಚಣೆ ಮಾಡಿ ಊರಿನವರೆಲ್ಲರ ಮಾತನ್ನು ಕೆಡಿಸುತ್ತವೆ. ಮನೆಯ ವೈ-ಫೈ ಜಾಲಕ್ಕೆ ಮಾತ್ರ ಪರವಾನಗಿ ಬೇಕಾಗಿಲ್ಲ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ, 5 ಗಿಗಾಹರ್ಟ್ಸ್ ಪಟ್ಟಿಯ ಹೆಚ್ಚಿನ ಭಾಗವನ್ನು 2018ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಗಿದೆ.

ವೇಗ ಎಷ್ಟು ಬೇಕು? ಒಂದು ವಿಡಿಯೋ ಕರೆಗೆ ಸೆಕೆಂಡಿಗೆ ಸುಮಾರು 2 ಮೆಗಾಬಿಟ್, ಸ್ಪಷ್ಟ ಚಿತ್ರದ ಪಾಠ ನೋಡಲು ಸುಮಾರು 5 ಮೆಗಾಬಿಟ್ ಸಾಕು. ನಾಲ್ಕೈದು ಜನರ ಕುಟುಂಬಕ್ಕೆ 30 ಮೆಗಾಬಿಟ್ ಯೋಜನೆ ಧಾರಾಳವಾಯಿತು. ನೂರಿನ್ನೂರರ ಆಸೆಗೆ ಬೀಳಬೇಕಾಗಿಲ್ಲ.

ಅಲೆಗಳ ಗುಣ

ನಿಸ್ತಂತು ಅಲೆಗಳಲ್ಲಿ ಎರಡು ಬಗೆಯನ್ನು ನೀವು ತಿಳಿದಿರಬೇಕು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಇದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ಅಲೆಯ ಉದ್ದ 5ರಿಂದ 6 ಸೆಂಟಿಮೀಟರ್. ಇದು ವೇಗವಾಗಿದೆ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಎರಡೂ ಇರುವ ರೂಟರ್ ಕೊಳ್ಳುವುದು ಉತ್ತಮ. ಕಡಿಮೆ ಬೆಲೆಯ ಕ್ಯಾಮೆರಾ ಮತ್ತು ಸ್ವಿಚ್‌ಗಳಲ್ಲಿ ಹೆಚ್ಚಿನವು 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ ಎಂಬುದನ್ನು ಮರೆಯಬಾರದು.

ಈ ಅಲೆಗಳಿಗೆ ಎರಡು ಶತ್ರುಗಳು: ಲೋಹ ಮತ್ತು ನೀರು. ತಗಡಿನ ಮಾಡು, ಕಬ್ಬಿಣದ ಬೀರು, ಸರಳು ತುಂಬಿದ ಕಾಂಕ್ರೀಟ್ ಇವು ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ ಅಥವಾ ತಡೆಯುತ್ತವೆ. ತುಂಬಿದ ನೀರಿನ ಟ್ಯಾಂಕ್, ಹಸಿ ಮಣ್ಣಿನ ಗೋಡೆ, ತೊಯ್ದ ಎಲೆ ಇವು ಅಲೆಯನ್ನು ಹೀರುತ್ತವೆ.

ಮನೆಯ ನಕ್ಷೆ

ಮಣ್ಣಿನ ಮಾದರಿ ತೆಗೆಯುವಾಗ ಹೊಲದ ಒಂದೇ ಮೂಲೆಯಿಂದ ತೆಗೆಯುವುದಿಲ್ಲ. ಅಂಕುಡೊಂಕಾಗಿ ನಡೆದು ಹಲವು ಕಡೆ ತೆಗೆಯುತ್ತೇವೆ. ಇಲ್ಲಿಯೂ ಅದೇ ಕ್ರಮ. ಒಂದು ಕಾಗದದ ಮೇಲೆ ಮನೆಯ ನಕ್ಷೆ ಬರೆಯಿರಿ. ನಡುಮನೆ, ಅಡುಗೆಮನೆ, ಮಕ್ಕಳು ಓದುವ ಜಾಗ, ಕೊಟ್ಟಿಗೆ, ಕಣ ಗುರುತು ಮಾಡಿ. ಸಿಗ್ನಲ್ ಅಳೆಯುವ ಉಚಿತ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡು, ಪ್ರತಿ ಜಾಗದಲ್ಲಿ ನಿಂತು ಡಿಬಿಎಂ ಎಂಬ ಅಂಕಿಯನ್ನು ಬರೆದುಕೊಳ್ಳಿ. ಈ ಅಂಕಿ ಋಣ ಸಂಖ್ಯೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಮೈನಸ್ 50 ಉತ್ತಮ. ಮೈನಸ್ 67ರವರೆಗೆ ವಿಡಿಯೋ ಕರೆ ತೊಂದರೆಯಿಲ್ಲದೆ ನಡೆಯುತ್ತದೆ. ಮೈನಸ್ 75ಕ್ಕೆ ಬರಹದ ಸಂದೇಶ ಮಾತ್ರ ನಂಬಬಹುದು. ಮೈನಸ್ 80 ದಾಟಿದರೆ ಅದು ಬಂಜರು ಭೂಮಿ.

ರೂಟರ್ ಇಡುವ ಜಾಗ

ಸಂಪರ್ಕ ಕೊಡಲು ಬಂದವರು ತಂತಿ ಉಳಿಸಲು ಬಾಗಿಲ ಪಕ್ಕದಲ್ಲೇ ಪೆಟ್ಟಿಗೆ ಹೊಡೆದು ಹೋಗುವುದುಂಟು. ಹಾಗೆ ಬಿಡಬಾರದು. ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ರೂಟರ್ ಮನೆಯ ನಡುಭಾಗದಲ್ಲಿ, ನೆಲದಿಂದ 6-7 ಅಡಿ ಎತ್ತರದಲ್ಲಿ, ತೆರೆದ ಹಲಗೆಯ ಮೇಲೆ ಇರಬೇಕು.
2. ಟಿ.ವಿ. ಹಿಂದೆ, ಬೀರುವಿನ ಒಳಗೆ, ಫ್ರಿಜ್ ಪಕ್ಕದಲ್ಲಿ ಇಡಬಾರದು. ಒಲೆಯ ಹೊಗೆ, ದೀಪದ ಎಣ್ಣೆಮಸಿ ತಾಗುವ ಗೂಡೂ ಬೇಡ.
3. ಒಂದು ರೂಟರ್ ಸಾಲದಿದ್ದರೆ ಎರಡನೆಯದನ್ನು ತಂತಿಯ ಮೂಲಕ ಜೋಡಿಸಿ. ತಂತಿಯಿಲ್ಲದೆ ಅಲೆಯನ್ನೇ ಹಿಡಿದು ಮತ್ತೆ ಬಿಡುವ ಸಾಮಾನ್ಯ ಎಕ್ಸ್‌ಟೆಂಡರ್‌ನಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.
4. ತಂತಿ ಕ್ಯಾಟ್-6 ಜಾತಿಯದಾಗಿರಲಿ, ಶುದ್ಧ ತಾಮ್ರದ್ದಾಗಿರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗವಾದರೂ ಬಾಳಿಕೆ ಬಾರದು.
5. ಇಂತಹ ತಂತಿಯ ಗರಿಷ್ಠ ಉದ್ದ 100 ಮೀಟರ್. ಪಂಪಿನ ಕರೆಂಟ್ ತಂತಿಯಿಂದ ಕನಿಷ್ಠ ಒಂದು ಅಡಿ ದೂರ ಒಯ್ಯಬೇಕು. ಇಲಿ, ಕೋತಿಗಳ ಕಾಟವಿರುವಲ್ಲಿ ಪಿವಿಸಿ ಪೈಪಿನೊಳಗೆ ಹಾಕಬೇಕು.

ನಾಲ್ಕು ತಾಲ್ಲೂಕು, ನಾಲ್ಕು ಪರಿಸ್ಥಿತಿ

ಒಂದೇ ತಳಿ ಎಲ್ಲ ಭೂಮಿಗೂ ಹೊಂದದು. ಹಾಗೆಯೇ ಒಂದೇ ಬಗೆಯ ಜೋಡಣೆ ಎಲ್ಲ ಮನೆಗೂ ಹೊಂದದು.

ಚನ್ನಗಿರಿ ಭಾಗದಲ್ಲಿ ಅಡಿಕೆ ತೋಟದ ನಡುವಿನ ಮನೆಗಳು ಹೆಚ್ಚು. ಬೇಸಿಗೆಯಲ್ಲಿ ಬಾವಿಯವರೆಗೆ ಸಿಗುವ ಸಿಗ್ನಲ್ ಜುಲೈ ತಿಂಗಳಲ್ಲಿ ಅಂಗಳಕ್ಕೂ ಬರುವುದಿಲ್ಲ. ಇದು ಯಂತ್ರದ ದೋಷವಲ್ಲ, ತೊಯ್ದ ಸೋಗೆಯ ಕೆಲಸ. ಆದುದರಿಂದ ಇಲ್ಲಿ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡತಕ್ಕದ್ದು. ತೋಟದ ಮೂಲಕ ಅಲೆ ಕಳಿಸುವುದಕ್ಕಿಂತ ಪೈಪಿನಲ್ಲಿ ತಂತಿ ಒಯ್ಯುವುದು ಖಚಿತ ಮಾರ್ಗ. ಅಡಿಕೆ ಬೇಯಿಸಿ ಒಣಹಾಕಿದ ಕಣಕ್ಕೆ ಕ್ಯಾಮೆರಾ ಬೇಕಾದವರು ಆ ಕಣದವರೆಗೆ ತಂತಿಯನ್ನೇ ಎಳೆಯಬೇಕು. ಕಳ್ಳತನ ನಡೆಯುವುದು ಮೋಡ ಮುಸುಕಿದ ರಾತ್ರಿಯಲ್ಲೇ, ಆಗ ನಿಸ್ತಂತು ಕೈಕೊಟ್ಟರೆ ಹಾಕಿದ ಹಣ ವ್ಯರ್ಥ.

ಹೊನ್ನಾಳಿಯ ಭತ್ತದ ಸೀಮೆಯ ಹಳ್ಳಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಇಲ್ಲಿ ತೊಂದರೆ ದೂರದ್ದಲ್ಲ, ಗದ್ದಲದ್ದು. ಹತ್ತು ಮನೆಯವರು ಒಂದೇ ಚಾನೆಲ್ಲಿನಲ್ಲಿದ್ದರೆ ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದಂತಾಗುತ್ತದೆ. 2.4 ಪಟ್ಟಿಯಲ್ಲಿ 1, 6 ಮತ್ತು 11ನೆಯ ಚಾನೆಲ್‌ಗಳು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ನೆರೆಹೊರೆಯವರು ಮಾತನಾಡಿಕೊಂಡು, ನೀರು ಸರದಿ ಹಂಚಿಕೊಂಡಂತೆ ಈ ಮೂರನ್ನು ಹಂಚಿಕೊಳ್ಳಬೇಕು. ತುಂಗಭದ್ರೆ ತುಂಬಿ ಬರುವ ತಗ್ಗಿನ ಮನೆಗಳಲ್ಲಿ ಪೆಟ್ಟಿಗೆ, ಪ್ಲಗ್, ಬ್ಯಾಟರಿ ಎಲ್ಲವೂ ಹಿಂದಿನ ನೆರೆಯ ಗುರುತಿಗಿಂತ ಮೇಲಿರಬೇಕು.

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಕಡೆ, ಗುಡ್ಡದ ಮರೆಯಲ್ಲಿರುವ ಊರುಗಳಿಗೆ ಟವರ್ ಕಾಣದಿರುವುದೇ ದೊಡ್ಡ ತೊಂದರೆ. ಹೊರ ಆಂಟೆನಾ ಇಲ್ಲಿ ಉಪಯುಕ್ತ. ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ಅಲೆ ಎರಡನೆಯ ಗೋಡೆಯನ್ನು ದಾಟುವುದು ಕಷ್ಟ. ಕೋಣೆಯ ಬಾಗಿಲುಗಳು ಒಂದೇ ಸಾಲಿಗೆ ಬರುವ ಜಾಗ ಹುಡುಕಿ ಅಲ್ಲಿ ರೂಟರ್ ಇಡಬೇಕು.

ಜಗಳೂರು ಬಯಲುಸೀಮೆ. ಮಳೆ ಕಡಿಮೆ, ಮರ ವಿರಳ, ಕಣ್ಣು ಹಾಯುವವರೆಗೆ ತೆರೆದ ನೆಲ. ಬೇಸಾಯಕ್ಕೆ ಕಷ್ಟವಾದ ಈ ಬಯಲೇ ನಿಸ್ತಂತು ಅಲೆಗೆ ಅತ್ಯಂತ ಅನುಕೂಲ. ಮನೆಯಿಂದ ಅರ್ಧ ಕಿಲೋಮೀಟರ್ ದೂರದ ಕೊಳವೆಬಾವಿಗೆ ಇಲ್ಲಿ ಸುಲಭವಾಗಿ ಸಂಪರ್ಕ ಒಯ್ಯಬಹುದು. ಆದರೆ ತಗಡಿನ ಮಾಡಿನ ಕೆಳಗಿನ ಬೇಸಿಗೆಯ ಕಾವು ಮತ್ತು ಧೂಳು ಯಂತ್ರವನ್ನು ಕೆಡಿಸುತ್ತವೆ. ಗಾಳಿಯಾಡುವ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಶುಚಿ ಮಾಡಬೇಕು.

ಪಂಪ್‌ಮನೆಗೆ ಸಂಪರ್ಕ

100 ಮೀಟರಿಗಿಂತ ದೂರದ ಪಂಪ್‌ಮನೆಗೆ ಎರಡು ಹೊರಾಂಗಣ ಘಟಕಗಳನ್ನು ಎದುರುಬದುರಾಗಿ ನಿಲ್ಲಿಸುವ 5 ಗಿಗಾಹರ್ಟ್ಸ್ ಸೇತುವೆಯನ್ನು ಬಳಸಬಹುದು. ಒಂದು ತುದಿಯಿಂದ ಇನ್ನೊಂದು ತುದಿ ಕಣ್ಣಿಗೆ ಕಾಣಬೇಕು. ಕಂಡರಷ್ಟೇ ಸಾಲದು. 500 ಮೀಟರ್ ದೂರವಿದ್ದರೆ ನಡುದಾರಿಯಲ್ಲಿ ದೃಷ್ಟಿರೇಖೆಯ ಸುತ್ತ ಎಲ್ಲ ಕಡೆ ಸುಮಾರು ಎರಡೂವರೆ ಮೀಟರ್ ತೆರವಿರುವುದು ಒಳ್ಳೆಯದು. ಎಳೆಯ ತೋಟದ ಮೇಲೆ ಹಾಯಿಸಿದ ಸೇತುವೆ ಗಿಡ ಬೆಳೆದಂತೆ ಕೆಲವು ವರ್ಷಗಳಲ್ಲಿ ಮುಚ್ಚಿಹೋಗುತ್ತದೆ. ಕಂಬದ ಎತ್ತರವನ್ನು ಇಂದಿನ ಗಿಡಕ್ಕಲ್ಲ, ಮುಂದಿನ ಮರಕ್ಕೆ ಲೆಕ್ಕ ಹಾಕಬೇಕು.

ಪಂಪ್‌ಮನೆಯಲ್ಲಿ ಮೂರು ಫೇಸ್ ಕರೆಂಟ್ ದಿನದ ಕೆಲವು ಗಂಟೆ ಮಾತ್ರ ಇರುತ್ತದೆ. ಕರೆಂಟ್ ಹೋದೊಡನೆ ಅಲ್ಲಿಯ ಘಟಕವೂ ಆರಿಹೋಗುತ್ತದೆ. ಆದುದರಿಂದ ಆ ತುದಿಗೆ ಚಿಕ್ಕ ಸೌರಫಲಕ ಮತ್ತು ಬ್ಯಾಟರಿ ಬೇಕಾಗುತ್ತದೆ. ನಿಮ್ಮ ಉದ್ದೇಶ ಪಂಪ್ ಚಾಲೂ ಮಾಡುವುದು, ನಿಲ್ಲಿಸುವುದು ಮಾತ್ರವಾಗಿದ್ದರೆ ಈ ಖರ್ಚೆಲ್ಲ ಅನವಶ್ಯಕ. ಮೊಬೈಲ್ ಸಿಗ್ನಲ್ ಇರುವಲ್ಲಿ ಸಿಮ್ ಹಾಕುವ ಸ್ಟಾರ್ಟರ್ ಸಾಕು. ಕ್ಯಾಮೆರಾ, ಮಣ್ಣಿನ ತೇವಾಂಶ ಮಾಪಕ ಮುಂತಾದವು ಸೇರಿದಾಗ ಮಾತ್ರ ಜಾಲ ಲಾಭದಾಯಕ.

ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು. ದೂರದಿಂದ ಪಂಪ್ ಚಾಲೂ ಮಾಡುವ ಮನೆಗಳಲ್ಲಿ, ಬಾವಿಯ ಬಳಿ ದುರಸ್ತಿಗೆ ಹೋದವರು ಮೇನ್ ಸ್ವಿಚ್ ತೆಗೆದು ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳದೆ ಮೋಟಾರು ಮುಟ್ಟಕೂಡದು. ಮನೆಯಲ್ಲಿ ಕುಳಿತು ಗುಂಡಿ ಒತ್ತುವವರಿಗೆ ಬಾವಿಯ ಬಳಿ ಯಾರಿದ್ದಾರೆ ಎಂದು ಕಾಣುವುದಿಲ್ಲ.

ವಿದ್ಯುತ್ತು ಮತ್ತು ಸಿಡಿಲು

ಸಾಮಾನ್ಯ ರೂಟರ್ 12 ವೋಲ್ಟ್‌ನಲ್ಲಿ ನಡೆಯುತ್ತದೆ, 6ರಿಂದ 12 ವ್ಯಾಟ್ ತೆಗೆದುಕೊಳ್ಳುತ್ತದೆ. ಇದಕ್ಕಾಗಿಯೇ ದೊರೆಯುವ ಚಿಕ್ಕ ಯುಪಿಎಸ್ ಬಳಸಬಹುದು. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಶಕ್ತಿ ಇದೆ. ಬಾಳಿಕೆಯ ದೃಷ್ಟಿಯಿಂದ ಅರ್ಧ ಮಾತ್ರ ಬಳಸಿದರೆ, 8 ವ್ಯಾಟ್ ತೆಗೆಯುವ ರೂಟರ್ ಸುಮಾರು 5 ಗಂಟೆ ನಡೆಯುತ್ತದೆ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇರುವ ಮನೆಗಳಲ್ಲಿ ಎರಡಕ್ಕೂ ಬ್ಯಾಟರಿ ಆಸರೆ ಬೇಕು, ಆಗ ಸಮಯವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಬ್ಯಾಟರಿಯನ್ನು ನೇರವಾಗಿ ರೂಟರಿಗೆ ಜೋಡಿಸಬಾರದು. ಚಾರ್ಜ್ ಆಗುವಾಗ ಅದು 14 ವೋಲ್ಟ್ ತಲುಪುತ್ತದೆ. ನಡುವೆ ವೋಲ್ಟೇಜ್ ನಿಯಂತ್ರಕ ಇರಲೇಬೇಕು.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ನಮ್ಮ ಭಾಗದಲ್ಲಿ ಯಂತ್ರಗಳನ್ನು ಸುಡುವ ಕಾಲ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ. ಆದರೆ ಮನೆಗೆ ಎಳೆದ ಫೈಬರ್ ತಂತಿಯಲ್ಲಿ ಆಸರೆಗೆ ಉಕ್ಕಿನ ತಂತಿ ಇರುವುದುಂಟು. ಅಡಾಪ್ಟರ್ ಅಂತೂ ಕರೆಂಟಿಗೆ ಜೋಡಿಸಿಯೇ ಇರುತ್ತದೆ. ಮೋಡ ಕವಿದು ಗುಡುಗು ಕೇಳುವ ಮೊದಲೇ ಪ್ಲಗ್ ಮತ್ತು ಹೊರಗಿನ ತಂತಿಗಳನ್ನು ಕಳಚಿಡಿ. ಸಿಡಿಲು ಹೊಡೆಯುತ್ತಿರುವಾಗ ಕಳಚಲು ಹೋಗಬೇಡಿ. ಆಂಟೆನಾ ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್ ಮಾಡಿಸುವುದು ಅತ್ಯವಶ್ಯ.

ಜಾಲಕ್ಕೆ ಬೀಗ

ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗುತ್ತದೆ. ಮೊದಲ ದಿನವೇ ಈ ನಾಲ್ಕು ಕೆಲಸ ಮಾಡಿ.

1. ಮೊಬೈಲಿನಲ್ಲಿ 192.168.1.1 ಅಥವಾ ಪೆಟ್ಟಿಗೆಯ ಅಡಿಯಲ್ಲಿ ಬರೆದ ವಿಳಾಸ ತೆರೆದು, ಕಾರ್ಖಾನೆಯಿಂದ ಬಂದ ಆಡಳಿತ ಗುಪ್ತಪದವನ್ನು ಬದಲಿಸಿ.
2. ರಕ್ಷಣೆಯ ಬಗೆಯಲ್ಲಿ ಡಬ್ಲ್ಯೂಪಿಎ-2 ಅಥವಾ ಡಬ್ಲ್ಯೂಪಿಎ-3 ಆರಿಸಿ. ಡಬ್ಲ್ಯೂಪಿಎಸ್ ಎಂಬ ಸೌಲಭ್ಯವನ್ನು ಮುಚ್ಚಿ.
3. ವೈ-ಫೈ ಗುಪ್ತಪದ ಕನಿಷ್ಠ 12 ಅಕ್ಷರಗಳಿರಲಿ. ಮನೆತನದ ಹೆಸರು, ಮೊಬೈಲ್ ಸಂಖ್ಯೆ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ.
4. ಬಂದು ಹೋಗುವವರಿಗೆ ಅತಿಥಿ ಜಾಲವನ್ನು ಬೇರೆಯಾಗಿ ಕೊಡಿ. ಕ್ಯಾಮೆರಾಗಳನ್ನೂ ಅದರಲ್ಲೇ ಇಡಬಹುದು.

ಜಾಲಕ್ಕೆ ಎಷ್ಟು ಬೀಗ ಹಾಕಿದರೂ, ನೀವೇ ಬಾಯಿಬಿಟ್ಟು ಹೇಳಿದ ಒಟಿಪಿಗೆ ಬೀಗವಿಲ್ಲ. ವಿಮೆ ಹಣ ಬಂದಿದೆ, ಕಿಸಾನ್ ಕಂತು ನಿಂತಿದೆ ಎಂದು ಫೋನ್ ಮಾಡಿ ಸಂಖ್ಯೆ ಕೇಳುವವರು ವಂಚಕರು. ಹಣ ಹೋದರೆ ನಾಚಿಕೆಪಟ್ಟು ಕೂರಬೇಡಿ. ತಡಮಾಡದೆ 1930 ಸಂಖ್ಯೆಗೆ ಫೋನ್ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಂಭವವಿರುತ್ತದೆ.

ಜಾಲ ಯಾರದು?

ಹಲವು ಮನೆಗಳಲ್ಲಿ ಗುಪ್ತಪದ, ಆಧಾರ್ ಜೋಡಿಸಿದ ಸಿಮ್, ಬ್ಯಾಂಕಿನ ಸಂದೇಶ ಎಲ್ಲವೂ ಒಬ್ಬ ಮಗನ ಮೊಬೈಲಿನಲ್ಲಿರುತ್ತವೆ. ಆತ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಮನೆಯ ವ್ಯವಹಾರವೂ ಆತನೊಂದಿಗೆ ಬಸ್ಸು ಹತ್ತುತ್ತದೆ. ಜಮೀನು ತಾಯಿಯ ಹೆಸರಿನಲ್ಲಿದ್ದು, ಒಟಿಪಿ ಮಗನಿಗೆ ಬಂದರೆ, 72 ಗಂಟೆಗಳ ಲೆಕ್ಕದಲ್ಲಿ ಎಷ್ಟು ಗಂಟೆ ಆತನನ್ನು ಹುಡುಕುವುದರಲ್ಲೇ ಹೋದೀತು? ಖಾತೆ ಯಾರದೋ ಸಂಖ್ಯೆಯೂ ಅವರದೇ ಆಗಿರಬೇಕು. ಗುಪ್ತಪದವನ್ನು ಒಂದು ಪುಸ್ತಕದಲ್ಲಿ ಬರೆದು ಪಹಣಿ, ಪಾಸ್‌ಬುಕ್‌ಗಳ ಜೊತೆ ಇಡಿ. ಮನೆಯಲ್ಲಿ ಕನಿಷ್ಠ ಇಬ್ಬರಿಗೆ, ಅದರಲ್ಲಿ ಒಬ್ಬ ಹೆಣ್ಣುಮಗಳಿಗೆ, ರೂಟರ್ ಆರಿಸಿ ಹೊತ್ತಿಸುವುದು, ಅರ್ಜಿ ತುಂಬುವುದು ತಿಳಿದಿರಲಿ. ಓದುವ ಮಗುವಿನ ಮೂಲೆಗೆ ಮೈನಸ್ 67 ದೊರೆಯದಿದ್ದರೆ ಜಾಲ ಪೂರ್ಣವಾಗಿಲ್ಲವೆಂದೇ ತಿಳಿಯಿರಿ.

ಪ್ರತಿ ಮನೆಗೂ ಸಂಪರ್ಕ ಹಾಕಿಸುವ ಶಕ್ತಿ ಇಲ್ಲದ ಊರುಗಳಿಗೆ ಬೇರೆ ಮಾರ್ಗವೂ ಇದೆ. ಮನೆಯ ಸಂಪರ್ಕವನ್ನು ನೆರೆಯವರಿಗೆ ದುಡ್ಡಿಗೆ ಹಂಚುವಂತಿಲ್ಲ. ಆದರೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ, ಕಿರಾಣಿ ಅಂಗಡಿಯವರೋ ಸಂಘವೋ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ಕೇಂದ್ರ ನಡೆಸಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ದೊರೆಯುವ ಗಣಕಯಂತ್ರ ಸೌಲಭ್ಯವನ್ನೂ ವಿಚಾರಿಸಿ.

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಬಾರಿ ರೈತರ ಮನೆಗೆ ಹೋದಾಗ ಅರ್ಜಿಯನ್ನು ನೀವೇ ತುಂಬಿಕೊಡುವ ಬದಲು, ಮನೆಯವರೊಬ್ಬರ ಕೈಯಿಂದ ತುಂಬಿಸಿ. ಹೊಸ ತಳಿಯ ಪ್ರಾತ್ಯಕ್ಷಿಕೆಗೆ ಊರಿಗೊಂದು ತಾಕು ಆರಿಸುವಂತೆ, ಸರಿಯಾಗಿ ಜೋಡಿಸಿದ ಒಂದು ಮನೆಯನ್ನು ಆರಿಸಿ ಇತರರಿಗೆ ತೋರಿಸಿ. ಕಣ್ಣಿಂದ ಕಂಡದ್ದನ್ನು ರೈತ ಬೇಗ ಒಪ್ಪುತ್ತಾನೆ.

ರೈತ ಬಾಂಧವರೇ, ಮೊದಲು ನಕ್ಷೆ, ಆಮೇಲೆ ಯಂತ್ರ. ಮೊದಲು ತಂತಿ, ಆಮೇಲೆ ಅಲೆ. ಮೊದಲು ಬೀಗ, ಆಮೇಲೆ ಬಳಕೆ. ಈ ಮುಂಗಾರಿಗೆ ಮುನ್ನ ಒಂದು ಕಾಗದ ತೆಗೆದುಕೊಂಡು ಮನೆಯ ನಕ್ಷೆ ಬರೆಯುವುದರಿಂದ ಕೆಲಸ ಪ್ರಾರಂಭಿಸಿ. ಅದಕ್ಕೆ ಖರ್ಚೇನೂ ಇಲ್ಲ.